ಬೇಲಿಯೊಳಗಿನ ಬಾಣಂತಿ

ಶಿರಾದಿಂದ ಬುಕ್ಕಾಪಟ್ಟಣದ ದಾರಿಗೆ ಸಾಲುಮರ ನೆಡಿಸುವ ಕೆಲಸ ನನ್ನದು. ಆಡು ಮೇಯದಿರಲೆಂದು ಮಾವಿನ ಸಸಿಗಳ ಸುತ್ತ ಹಾಲಿವಾಣದ ಗೂಟ ಹುಗಿಸಿದ್ದೆ. ಒಂದು ಕಡೆ ಸಸಿ ಒಣಗಿ, ಗೂಟಗಳೇ ಚಿಗುರಿದ್ದವು. ನೀರು ಹೊರುವ ಕೆಂಚಮ್ಮ ಅಲ್ಲಿಗೂ ಕೊಡ ಬಗ್ಗಿಸುತ್ತಿದ್ದಳು.

“ಬೇಲಿಗೆ ಯಾರಾದರೂ ನೀರು ಹಾಕ್ತಾರೇನಮ್ಮ?” ಅಂದೆ.

“ಒಳಗೆ ಬಾಣಂತಿ ಅವ್ಳೆ ಸಾಮಿ. ನೆಳ್ಳು ಬ್ಯಾಡ್ವಾ?”

ಬಗ್ಗಿ ನೋಡಿದೆ. ಎಲೆಗಳ ನಡುವೆ ಸೂರಕ್ಕಿಯ ಗೂಡು, ಬಾಯಿ ತೆರೆದ ಮರಿಗಳು.

ಮರುದಿನ ಸಾಹೇಬರು ಸಸಿ ನೋಡಲು ಬರುವವರಿದ್ದರು. ಗೂಟ ಕಿತ್ತು ಹೊಸ ಸಸಿ ನೆಡಬೇಕಿತ್ತು.

“ನೀವೇ ಕಿತ್ಕೊಳ್ಳಿ. ನಾ ಮುಟ್ಟಾಕಿಲ್ಲ” ಅಂದುಬಿಟ್ಟಳು.

ಅಷ್ಟರಲ್ಲಿ ಆಡೊಂದು ಬಂದು ಚಿಗುರಿಗೆ ಬಾಯಿ ಹಾಕಿತು. ಅದನ್ನು ಅಟ್ಟಿ, ಸುತ್ತ ಜಾಲಿಮುಳ್ಳು ಹಾಕಿಸಿದೆ.

ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಎಲ್ಲರೂ ಕೇಳಿದ್ದಾರೆ. ಬೇಲಿಗೇ ಬೇಲಿ ಹಾಕಿಸಿದವನು ಮಹಾರಾಜರ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.