ಭಾವನ ಕೋವಿಗೆ ಕುಂಕುಮ

ಕಡಲಾಚೆ ಬೋಲಿಂಗ್‌ಬ್ರೂಕಿನಲ್ಲಿ ನೆಲೆಸಿದ ಶೇಷಗಿರಿಯವರು ವಾರದ ದಿನಗಳಲ್ಲಿ ಒಂದು ಗೋದಾಮಿನ ಮ್ಯಾನೇಜರು. ಭಾನುವಾರ ಮಾತ್ರ ವೀರಾಧಿವೀರರು. ಊರಾಚೆಯ ಕ್ಲಬ್ಬಿನಲ್ಲಿ ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗಳು ಅವರ ಕೋವಿಯನ್ನು ಕಂಡರೆ ಆಕಾಶದಲ್ಲೇ ನಡುಗುತ್ತಿದ್ದವು. ಪ್ರಾಣಿಪಕ್ಷಿಗಳಿಗೆ ಅವರು ಗುರಿಯಿಟ್ಟವರಲ್ಲ. ಏಕಾದಶಿಯಂದು ಮನೆಯಲ್ಲಿ ಈರುಳ್ಳಿಯನ್ನೂ ಹೆಚ್ಚದ ಮನೆತನ.

ಕೋವಿಯೋ, ಯಾರೋ ಬಳಸಿ ಮಾರಿದ್ದು. ಮರ ಸೀಳಿ, ಕರಿ ಟೇಪು ಸುತ್ತಿಸಿಕೊಂಡಿತ್ತು. ಆದರೂ ಆಯುಧಪೂಜೆಯ ದಿನ ಗ್ಯಾರೇಜಿನಲ್ಲಿ ಅದಕ್ಕೇ ಪಟ್ಟಾಭಿಷೇಕ. ಸುತ್ತ ನೆರೆದ ಲ್ಯಾಪ್‌ಟಾಪುಗಳು, ಕಾರಿನ ಕೀಲಿಗಳು, ಹುಲ್ಲು ಕತ್ತರಿಸುವ ಯಂತ್ರ, ಇವೆಲ್ಲ ಸಾಮಂತರು. ನಿಜವಾದ ಆಯುಧ ಅದೊಂದೇ. ಅತ್ತೆ ಲಲಿತಮ್ಮನವರು ಮೊದಲ ಕುಂಕುಮವನ್ನು ಅದಕ್ಕೆ ಹಚ್ಚುತ್ತಿದ್ದರು. ಆ ಒಂದು ಬೊಟ್ಟಿಗಾಗಿ ಶೇಷಗಿರಿಯವರು ವರ್ಷವಿಡೀ ಕಾಯುತ್ತಿದ್ದರು. ಏಕೆಂದರೆ ಉಳಿದೆಲ್ಲದರಲ್ಲೂ ಮೊದಲ ಮರ್ಯಾದೆ ಹಿರಿಯಳಿಯನಿಗೆ.

ಹಿರಿಯಳಿಯ ಎಂದರೆ ವೆಸ್ಟ್ ಬ್ಲೂಮ್‌ಫೀಲ್ಡಿನ ಹೃದಯದ ಡಾಕ್ಟರು ದ್ವಾರಕಾನಾಥ. ಶೇಷಗಿರಿಯವರ ಹೆಂಡತಿ ಛಾಯಾಳ ಅಕ್ಕ ಇಂದುಮತಿಯ ಗಂಡ. ಅವರ ದೊಡ್ಡ ಮನೆ, ಮನೆ ಹಿಂದಿನ ಕೆರೆ, ಕೆರೆಯಲ್ಲಿನ ದೋಣಿ, ಎಲ್ಲವನ್ನೂ ಷಡ್ಡಕರಾದ ಶೇಷಗಿರಿಯವರು ಹಲ್ಲುಕಚ್ಚಿ ಸಹಿಸಿದ್ದರು. ಒಂದು ದಿನ ಫೋನ್ ಬಂತು.

“ಶೇಷು, ನಾನೂ ಒಂದು ಗನ್ ಆರ್ಡರ್ ಮಾಡಿದೀನಿ ಕಣೋ. ಇಂಗ್ಲೆಂಡಲ್ಲಿ. ಅಳತೆ ಕೊಟ್ಟು ಬಂದೆ.”

“ಯಾರ ಅಳತೆ ಭಾವ? ಗನ್ನಿಂದಾ?”

“ನಂದು! ಕೈ, ಕತ್ತು, ಕೆನ್ನೆ, ಎಲ್ಲ ಅಳೆದ್ರು. ಸೂಟ್ ಹೊಲಿಸಿದಂಗೆ.”

ಅಂದಿನಿಂದ ಶೇಷಗಿರಿಯವರ ಹೊಟ್ಟೆಯಲ್ಲಿ ಒಂದು ಅಗ್ನಿಕುಂಡ ಹೊತ್ತಿಕೊಂಡಿತು. ಗೋದಾಮಿನ ಊಟದ ಹೊತ್ತಿನಲ್ಲಿ ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟು ಅಂಥ ಕೋವಿಗಳನ್ನು ತಯಾರಿಸುವ ವಿಡಿಯೋ ನೋಡತೊಡಗಿದರು. ಶತ್ರುವಿನ ಬಲ ತಿಳಿಯುವುದು ಯುದ್ಧಧರ್ಮವಷ್ಟೆ. ತಿರುಪು, ಕೀಲುಗಳಿಂದ ಹಿಗ್ಗಿಸಿ ಬಗ್ಗಿಸಬಹುದಾದ ಒಂದು ಸುಳ್ಳು ಕೋವಿಯನ್ನು ಹೆಗಲಿಗೆ ಕೊಟ್ಟು ಮೈಯಳತೆ ತೆಗೆಯುತ್ತಾರೆ. ದೀಪದ ಹೊಗೆಯಿಂದ ಉಕ್ಕಿಗೆ ಮಸಿ ಹಿಡಿಸಿ, ಕೋವಿಯ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ, ಮಸಿ ಅಂಟಿದ ಕಡೆ ಮಾತ್ರ ಅರದಿಂದ ಉಜ್ಜುತ್ತಾರೆ. ಮತ್ತೆ ಮಸಿ, ಮತ್ತೆ ಅರ. ಶೇಷಗಿರಿಯವರ ಅಜ್ಜಿ ಕಾಡಿಗೆ ಹಿಡಿಯುತ್ತಿದ್ದಳಲ್ಲ, ಅಂಥದೇ ಮಸಿ! ಆಮೇಲೆ ಅಕ್ರೋಟ್ ಮರಕ್ಕೆ ವಾರಗಟ್ಟಲೆ ಅಂಗೈಯಿಂದ ಎಣ್ಣೆ ತಿಕ್ಕುತ್ತಾರೆ. ನೋಡುತ್ತ ನೋಡುತ್ತ ಶೇಷಗಿರಿಯವರ ಅನ್ನ ಒಣಗುತ್ತಿತ್ತು. ಹಾಳಾದ್ದು, ಎಷ್ಟು ಚೆನ್ನಾಗಿ ಮಾಡ್ತಾರಪ್ಪ!

ಕೋವಿ ತಯಾರಾಗಲು ಮೂರು ವರ್ಷ ಹಿಡಿಯಿತು. ಹಡಗು ಮುಳುಗಲಿ ಎಂದು ಶೇಷಗಿರಿಯವರು ಬೇಡಲಿಲ್ಲ, ಸಜ್ಜನರು. ಒಂದು ಗೀರಾದರೂ ಬೀಳಲಿ ಎಂದಷ್ಟೇ ರಾಯರಿಗೆ ಹರಕೆ ಹೊತ್ತರು.

ಗೀರು ಬೀಳಲಿಲ್ಲ. ಈ ಸಲದ ಆಯುಧಪೂಜೆಗೆ ದ್ವಾರಕಾನಾಥರು ಐದು ಗಂಟೆ ಡ್ರೈವ್ ಮಾಡಿಕೊಂಡು, ಚರ್ಮದ ಪೆಟ್ಟಿಗೆಯೊಂದಿಗೆ ಬಂದರು. ಜೋಡುನಳಿಗೆ ಕೋವಿ ಹೊರಬಂದಾಗ ಎಲ್ಲರೂ ಹತ್ತಿರ ಬಾಗಿದರು. ಬೆಳ್ಳಿಬಣ್ಣದ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಕೆತ್ತಿದ ಗಂಡಭೇರುಂಡ. ಮರದಲ್ಲಿ ಜೇನು ಕರಗಿ ಹರಿದಂಥ ನರಗಳು.

“ಹಿಡ್ಕೊಂಡು ನೋಡು ಶೇಷು, ನಾಚ್ಕೋಬೇಡ.”

“ಬೇಡ ಭಾವ, ಕೈ ಒದ್ದೆ,” ಎಂದರು ಶೇಷಗಿರಿ. ಕೈ ಒಣಗಿತ್ತು. ಹಿಡಿದರೆ ಬಿಡಲಾಗದು ಎಂಬ ಭಯ.

ನಡುವಿನ ಮಣೆಯಿಂದ ಟೇಪಿನ ಕೋವಿ ಇಳಿಯಿತು. ಹುಲ್ಲಿನ ಯಂತ್ರದ ಪಕ್ಕಕ್ಕೆ ಹೋಯಿತು. ಲಲಿತಮ್ಮನವರು ಅರಿಶಿನ, ಕುಂಕುಮ ಎರಡನ್ನೂ ನೀರಲ್ಲಿ ಕಲಸಿ ಉಂಗುರದ ಬೆರಳು ಅದ್ದಿದರು.

“ಇದಕ್ಕೇ ಮೊದಲು ಇಡ್ಲೇನಪ್ಪಾ?”

“ಧಾರಾಳವಾಗಿ ಇಡಿ ಅತ್ತೆ, ಮರದ ಮೇಲೇ ಇಡಿ, ಫೋಟೋದಲ್ಲಿ ಚೆನ್ನಾಗ್ ಬರುತ್ತೆ,” ಎಂದು ದ್ವಾರಕಾನಾಥರು ಫೋನ್ ಎತ್ತಿದರು.

ಮೂರು ವರ್ಷ ಬೇಡಿದ ವರ ಈಗ ಬೆರಳ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಗೀರಲ್ಲ, ಅಳಿಸಲಾಗದ ಕಲೆ! ಶೇಷಗಿರಿಯವರು ಸುಮ್ಮನೆ ನಿಂತಿದ್ದರೆ ಸಾಕಿತ್ತು.

“ಅತ್ತೆ, ಬೇಡ!”

ಬೆರಳು ಮರ ಮುಟ್ಟುವ ಮೊದಲೇ ಅವರ ಅಂಗೈ ನಡುವೆ ನುಗ್ಗಿತ್ತು. ಬೊಟ್ಟು ಅಂಗೈ ಮೇಲೆ ಬಿತ್ತು.

“ಇದೇನ್ ಶೇಷಗಿರಿ, ಹಬ್ಬದ ದಿನ?”

“ಅದಕ್ಕೆ ವಾರ್ನಿಷ್ ಇಲ್ಲ ಅತ್ತೆ, ಬರೀ ಎಣ್ಣೆ. ಅರಿಶಿನ ಒಳಕ್ಕಿಳಿದ್ರೆ ಕಲೆ ಹೋಗಲ್ಲ.”

“ಗನ್ನು ನಂದು, ನಂಗೊತ್ತಿಲ್ವೇನೋ?” ದ್ವಾರಕಾನಾಥರು ಫೋನ್ ಇಳಿಸಿದರು. “ಮೊದಲ ಕುಂಕುಮ ತಪ್ಪಿತು ಅಂತ ಹೊಟ್ಟೆ ಉರೀತಾ? ನೇರವಾಗಿ ಹೇಳು.”

ಇಂದುಮತಿ ಕಿಸಕ್ಕೆಂದರು. ಛಾಯಾ ನೆಲ ನೋಡಿದಳು. ಲಲಿತಮ್ಮನವರಿಗೆ ಹಸಿವಾಗಿತ್ತು, ತೀರ್ಪು ಬೇಗ ಬಂತು.

“ಕುಂಕುಮ ಆಗ್ದಿದ್ರೆ ಅದು ಷೋಕೇಸಿಂದು. ತೆಗೀರಿ ಅದನ್ನ.”

ಟೇಪಿನ ಕೋವಿ ಮತ್ತೆ ಸಿಂಹಾಸನವೇರಿತು. ಮೊದಲ ಬೊಟ್ಟು ಅದರ ಹಣೆಗೇ ಬಿತ್ತು, ಘಂಟೆ ಮೊಳಗಿತು. ಆ ವಿಜಯವನ್ನು ಶೇಷಗಿರಿಯವರು ನೋಡಲೇ ಇಲ್ಲ. ಕುಂಕುಮವಿಲ್ಲದ ಕೈಯಲ್ಲಿ ಮೆತ್ತನೆ ಬಟ್ಟೆ ಹಿಡಿದು, ಭಾವನ ಬೆರಳಚ್ಚುಗಳನ್ನು ಗಂಡಭೇರುಂಡದ ಮೇಲಿಂದ ಒರೆಸುತ್ತಿದ್ದರು.

“ಇನ್ನೂ ಹೊಟ್ಟೆಕಿಚ್ಚಾ?” ದ್ವಾರಕಾನಾಥರು ಪೆಟ್ಟಿಗೆ ತೆರೆದು ಕಾದರು.

“ಹೌದು ಭಾವ,” ಎಂದರು ಶೇಷಗಿರಿ. “ಬೆವರಿನ ಕೈಯಲ್ಲಿ ಮುಟ್ಟಬೇಡಿ, ತುಕ್ಕು ಹಿಡಿಯುತ್ತೆ.”