ಅವ್ವನ ಹಂಡೆ ಮತ್ತು ಎರಡು ಸೀಟಿನ ಕಾರು

ಬೈಲಹೊಂಗಲದಲ್ಲಿ ನಮ್ಮದು ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು. ರಾಮದುರ್ಗದ ಕಡೆಯ ಹಳೆಯ ವಾಡೆಯೊಂದರಿಂದ ಅಪ್ಪ ಆ ಇಂಗ್ಲಿಷ್ ಕಾರನ್ನು ತಂದಾಗ ಅದರ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಮೇಲೆ ಮುಚ್ಚಿಗೆ ಇಲ್ಲ, ಎರಡೇ ಸೀಟು, ಒಳಗೆ ಕುಳಿತರೆ ಕೈ ನೆಲಕ್ಕೆ ತಾಗುತ್ತದೆ. ಒಂದು ಚೀಲ ಗೊಬ್ಬರ ಹೇರಲೂ ಬಾರದ ಗಾಡಿ ಎಂದು ಗಿರಾಕಿಗಳು ನಗುತ್ತಿದ್ದರು. ಅಪ್ಪ ಅದಕ್ಕೆ ಆರು ವರ್ಷ ಕೊಟ್ಟ. ಮೈಯೊಳಗಿನ ಕಟ್ಟಿಗೆಯ ಚೌಕಟ್ಟನ್ನು ನೇಸರಗಿಯಲ್ಲಿ ಬಂಡಿ ಮಾಡುವ ಬಡಿಗೇರರೊಬ್ಬರು ಜಾಲಿಯಲ್ಲಿ ಮಾಡಿಕೊಟ್ಟರು. ಕೆಲವು ಸಾಮಾನು ಇಂಗ್ಲೆಂಡಿನಿಂದಲೇ ಪಾರ್ಸಲ್ ಬಂದವು.

ರೇಡಿಯೇಟರ್ ಮಾತ್ರ ಬರಲಿಲ್ಲ. ಹಳೆಯದರಲ್ಲಿ ನೀರು ತುಂಬುವ ಮೇಲಿನ ತೊಟ್ಟಿ ಜರಡಿಯಾಗಿತ್ತು. ಅದನ್ನು ಹೊಸದಾಗಿ ಮಾಡಲು ಅಪ್ಪನಿಗೆ ಒಳ್ಳೆಯ ತಾಮ್ರದ ತಗಡು ಬೇಕಿತ್ತು. ನಮ್ಮ ಬಚ್ಚಲಲ್ಲಿ ತಾಮ್ರವಿತ್ತು, ಅವ್ವ ತವರಿನಿಂದ ತಂದ ಹಂಡೆ. ನಮ್ಮಲ್ಲಿ ಮದುವೆಯಲ್ಲಿ ಕೊಡುವ ಪಾತ್ರೆಯ ಮೇಲೆ ಮಗಳ ಹೆಸರು ಕೊರೆಸುತ್ತಾರೆ. ಹೆಸರಿದ್ದ ಪಾತ್ರೆ ಅವಳದೇ, ಅವಳನ್ನು ಕೇಳದೆ ಯಾರೂ ಕೊಡುವಂತಿಲ್ಲ, ಮಾರುವಂತಿಲ್ಲ. ಅಪ್ಪ ಕೇಳಲಿಲ್ಲ. ಹೇಗೂ ಮನೆಗೆ ಗೀಜರ್ ಬಂದಿತ್ತಲ್ಲ. ಹಂಡೆ ಕೊಯ್ದು, ಹೆಸರು ಹೊರಗೆ ಕಾಣುವಂತೆ ಬೆಸೆದ. ಅವ್ವ ಎರಡು ದಿನ ಮಾತು ಬಿಟ್ಟಳು. ಮೊದಲೂ ಅದರಲ್ಲಿ ಬಿಸಿನೀರು, ಈಗಲೂ ಬಿಸಿನೀರೇ ಎಂದು ಅಪ್ಪ ಚಾಷ್ಟಿ ಮಾಡಿದ. ನಾನೂ ನಕ್ಕೆ.

ಕಾರು ತಯಾರಾದ ಮೇಲೆ ಒಂದು ವರ್ಷ ಸವದತ್ತಿ ರಸ್ತೆಯಲ್ಲಿ ಓಡಿಸಿದ. ಆಮೇಲೆ ಮೊಣಕಾಲು ಕೈಕೊಟ್ಟವು. ಆ ತಗ್ಗು ಸೀಟಿನಿಂದ ಅವನನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಮಾರೋಣ ಎಂದು ಅವನೇ ಬಾಯಿಬಿಟ್ಟು ಹೇಳಿದ, ನಾನು ಫೋನಿನಲ್ಲಿ ಫೋಟೊ ಹಾಕಿದೆ. ಹುಬ್ಬಳ್ಳಿಯಿಂದ ಒಬ್ಬರು ನೋಡಲು ಬಂದ ದಿನ ಅವನ ಮುಖ ಇಳಿದಿತ್ತು. ಕೊಡುತ್ತೀರೋ ಇಲ್ಲವೋ ಎಂದು ಅವರು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದ.

ಅವರು ಬಾನೆಟ್ ಎತ್ತಿ, ತೊಟ್ಟಿಯ ಮೇಲಿನ ಹೆಸರು ನೋಡಿ, ಇದು ಯಾರದು ಎಂದರು. ಅಪ್ಪನಿಗೆ ದಾರಿ ಸಿಕ್ಕಿತು.

"ನಮ್ಮ ಮನಿಯಾಕಿ ಹಂಡೇರಿ ಅದು. ಅಕಿ ಹೆಸರ ಐತಿ. ಅಕಿ ಹೂಂ ಅನ್ನದ ಕೊಡಾಕ ಬರೂದಿಲ್ಲ."

ಅವ್ವ ಬೇಡ ಎನ್ನಲಿ ಎಂದೇ ಅವನು ಹಾಗೆ ಹೇಳಿದ್ದು. ಸುಳ್ಳೇಕೆ, ನನಗೂ ಅದೇ ಆಸೆ ಇತ್ತು.

ಅವ್ವನನ್ನು ಕರೆದೆ. ಸೆರಗಿಗೆ ಕೈ ಒರೆಸುತ್ತ ಬಂದಳು. ಅವಳು ಆ ಬಾನೆಟ್ಟಿನೊಳಗೆ ಅದುವರೆಗೆ ಒಮ್ಮೆಯೂ ಇಣುಕಿದವಳಲ್ಲ. ಬಗ್ಗಿ, ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಬೇಕಾದರೆ ಆ ತೊಟ್ಟಿ ಬಿಚ್ಚಿಟ್ಟುಕೊಳ್ಳಿ, ನಾನು ಬೇರೆ ಹಾಕಿಸುತ್ತೇನೆ ಎಂದು ಬಂದವರು ಹೇಳಿದರು. ಅವ್ವ ಅಪ್ಪನ ಕಡೆ ತಿರುಗಿದಳು.

"ಕೊಯ್ಯೂ ಮುಂದ ನನ್ನ ಕೇಳಲಿಲ್ಲ. ಮಾರೂ ಮುಂದ ಯಾಕ ಕೇಳತೀರಿ?"

ದನಿ ಏರಿರಲಿಲ್ಲ. ಬಂದವರಿಗೆ, ಹಾಗೆಯೇ ಒಯ್ಯಿರಿ ಎಂದು ಹೇಳಿ ಒಳಗೆ ಹೋದಳು. ಅಪ್ಪ ಕೀಲಿಕೈ ಕೊಟ್ಟ.

ಎರಡು ದಿನಕ್ಕೆ ಟ್ರಕ್ಕಿನ ಮೇಲೆ ಕಾರು ಹೋಯಿತು. ಅಪ್ಪ ಅವತ್ತು ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ನನಗೆ ಸಂಕಟವಾದದ್ದು ಅವನ ಸಲುವಾಗಿ ಅಲ್ಲ. ಅಪ್ಪ ಹಂಡೆ ಕೊಯ್ಯುವಾಗ ಅದು ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದವನು ನಾನು. ತಪ್ಪನ್ನೆಲ್ಲ ಅವನ ಮೇಲೆ ಬಿಟ್ಟು ಇಷ್ಟು ವರ್ಷ ಸುಮ್ಮನಿದ್ದೆ. ಸಂಜೆ ಅಡುಗೆಮನೆಗೆ ಹೋಗಿ ಹೇಳಿಬಿಟ್ಟೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ," ಎಂದಳು. "ಗರಗಸದ ಸಪ್ಪಳ ಕೇಳಕೋತ ಇಲ್ಲೇ ನಿಂತಿದ್ದೆ. ನೀನಾದ್ರೂ ಬ್ಯಾಡ ಅಂತೀ ಅಂತ."