ಬ್ರಾಂಡ್‌ಕ್ಲೂಫಿನ ಕಾಲುವೆ ಕಾಯುವ ಡೊರೀನ್

ತೂಬು ಎತ್ತಿ ಇಳಿಸುವ ಕೆಲಸವನ್ನು ಒಂದು ದಿನವೂ ಮಾಡದೆ, ಅದನ್ನೇ ಬದುಕಾಗಿಸಿಕೊಂಡವರ ಬಗ್ಗೆ ಬರೆಯುವುದು ಉದ್ಧಟತನವೇ ಸರಿ. ತಪ್ಪಿದ್ದರೆ ಡೊರೀನ್ ಜೆಫ್ತಾ ಮನ್ನಿಸಬೇಕು.

ಜೂನ್ ತಿಂಗಳ ನಸುಕು, ಅಲ್ಲಿ ಅದು ಚಳಿ-ಮಳೆಯ ಕಾಲ. ಕೇಪ್ ಟೌನಿನ ಬ್ರಾಂಡ್‌ಕ್ಲೂಫ್ ಬಡಾವಣೆಯಲ್ಲಿ ರಾತ್ರಿಯಿಡೀ ಬೀಸಿದ ವಾಯವ್ಯದ ಗಾಳಿ ಓಕ್ ಮರಗಳ ಕೊನೆಯ ಎಲೆಗಳನ್ನೂ ಕಾಲುವೆಗೆ ಸುರಿದಿದೆ. ಬೆಟ್ಟ ಮೋಡದಲ್ಲಿ ಮುಳುಗಿದೆ. ಅರವತ್ತೊಂದರ ಡೊರೀನ್ ಮೊಣಕಾಲುದ್ದದ ಬೂಟು ಹಾಕಿಕೊಂಡು ಎಲೆ ಎಳೆಯುತ್ತಿದ್ದಾರೆ. ಹದಿನೇಳು ತೂಬು, ನಲವತ್ತೊಂದು ತೋಟ; ಈ ತಿಂಗಳಲ್ಲಿ ದಿನಕ್ಕೆ ಹನ್ನೊಂದು ಚೀಲ ಎಲೆ. ಹನಿ ಮಳೆಯಿಲ್ಲದ ಬೇಸಿಗೆಯಲ್ಲಿ ಯಾವ ತೋಟಕ್ಕೆ ಎಷ್ಟು ಹೊತ್ತಿಗೆ ನೀರಿನ ಸರದಿ ಎಂಬುದೂ ಅವರಿಗೆ ಬಾಯಿಪಾಠ.

"ಆಂಟಿ, ಎಲೆ ಬಾಚ್ತಿದೀರೋ, ಕಾಲುವೆಗೆ ಜಡೆ ಹಾಕ್ತಿದೀರೋ?" ಬೇಲಿಯಾಚೆಯಿಂದ ಕೆಣಕುವವನು ಚಿಕೊಂಡಿ, ಮಲಾವಿಯಿಂದ ಬಂದ ಮಾಲಿ.

"ನಿನ್ ತಲೇಲಿ ಕೂದ್ಲಿಲ್ಲ ಅಂತ ಹೊಟ್ಟೆಕಿಚ್ಚು ಕಣೋ. ಬಾ, ಚೀಲ ಹಿಡಿ."

ಈ ಬೀದಿಯಲ್ಲೇ ಅವರ ಅಜ್ಜಿಯ ಮನೆಯಿತ್ತು. ಕಾಲುವೆ ದಡದಲ್ಲಿ ಊರವರ ಬಟ್ಟೆ ಒಗೆದು ಮಕ್ಕಳನ್ನು ಸಾಕಿದ ಹೆಂಗಸು. ಬಡಾವಣೆ ಬಿಳಿಯರಿಗೆ ಮಾತ್ರ ಎಂದು ಕಾನೂನು ಬಂತು, ಹಿಂದೆಯೇ ಲಾರಿ ಬಂತು. ಡೊರೀನ್‌ಗೆ ಆಗ ಐದು ವರ್ಷ. ಆಗ ಅವರನ್ನು ಸಾಗಿಸಿದ ದೂರದ ಬಡಾವಣೆ ಮನೆನ್‌ಬರ್ಗಿನಿಂದಲೇ ಈಗಲೂ ಮೊದಲ ವ್ಯಾನು ಹಿಡಿದು ಬರುತ್ತಾರೆ. ಅಪ್ಪ ಮಾಡುತ್ತಿದ್ದ ಕೆಲಸ ಇವರ ಕೈಗೆ ಬಂದು ಇಪ್ಪತ್ತೆಂಟು ವರ್ಷವಾಯಿತು.

ಕಳೆದ ವರ್ಷ ಆ ಕೆಲಸವೂ ಕಾಲುವೆಯೂ ಒಟ್ಟಿಗೇ ಹೋಗುವುದರಲ್ಲಿತ್ತು. ಕಾಲುವೆ ಉಕ್ಕಿ ಮೂರು ಅಡುಗೆಮನೆಗಳಿಗೆ ನೀರು ನುಗ್ಗಿತು. ಸೋಮವಾರ ಕಾಂಕ್ರೀಟ್ ಸುರಿದು ಮುಚ್ಚಿಬಿಡುವುದೆಂದು ನಿವಾಸಿಗಳ ಸಂಘ ತೀರ್ಮಾನಿಸಿತು. ಹೆಚ್ಚಾದ ನೀರು ಹೊಳೆಗೆ ಹೋಗಲು ಹಿಂದೆ ಒಂದು ಗಂಡಿಯಿತ್ತು, ಅದು ಕಟ್ಟಿಕೊಂಡಿದೆ ಎಂದು ಡೊರೀನ್ ಹೇಳಿದರು.

"ನಕ್ಷೇಲಿ ಅಂಥದ್ದೇನೂ ಇಲ್ವಲ್ಲ ಡೊರೀನ್," ಎಂದರು ಸಂಘದ ಅಧ್ಯಕ್ಷ ಹಾರ್ಗ್ರೀವ್.

"ನಕ್ಷೆ ಬರೆದೋರು ಇಲ್ಲಿ ಬಟ್ಟೆ ಒಗೆದಿಲ್ಲ ಸರ್. ಭಾನುವಾರದವರೆಗೆ ಟೈಮ್ ಕೊಡಿ."

ಆ ಗಂಡಿ ಒಗೆಯುವ ಕಲ್ಲಿನ ಹತ್ತಿರದ ಓಕ್ ಮರದಿಂದ ಹನ್ನೆರಡು ಹೆಜ್ಜೆ ಎಂದು ಅಜ್ಜಿ ಹೇಳುತ್ತಿದ್ದರು. ಡೊರೀನ್ ಎಣಿಸಿ ಶನಿವಾರವಿಡೀ ಅಗೆದರು. ಸಿಕ್ಕಿದ್ದು ಬರೀ ಬೇರು. "ಆಲೂಗಡ್ಡೆನಾದ್ರೂ ನೆಡಿ ಆಂಟಿ," ಎಂದ ಚಿಕೊಂಡಿ. ಸಂಜೆ ಅದೇ ಮರಕ್ಕೊರಗಿ ಚಹಾ ಕುಡಿಯುವಾಗ ಅವರಿಗೆ ಹೊಳೆಯಿತು: ಇದು ಅಜ್ಜಿಯ ಕಾಲದ ಮರವಲ್ಲ, ಅದು ಬಿದ್ದ ಮೇಲೆ ಬೇರೆ ಕಡೆ ನೆಟ್ಟ ಸಸಿ ಬೆಳೆದದ್ದು.

ಭಾನುವಾರ ಹೆಜ್ಜೆ ಎಣಿಸುವುದನ್ನು ಬಿಟ್ಟರು. ಅಪ್ಪ ಕಲಿಸಿದಂತೆ ಹಾರೆಯನ್ನು ನೆಲಕ್ಕೂರಿ, ಮೇಲಿನ ತುದಿಗೆ ಕಿವಿಯಿಟ್ಟು, ಅಡಿಗಡಿಗೂ ನಿಂತು ಕೇಳುತ್ತಾ ದಡದುದ್ದಕ್ಕೂ ಹೋದರು. ಒಂದು ಕಡೆ ನೆಲದಡಿ ನೀರು ಗುಳುಗುಳು ಎಂದಿತು. ಮೂರಡಿ ಅಗೆದರೆ ಕಲ್ಲಿನ ಕಮಾನು. ಅದರ ಬಾಯಿಗೆ ಯಾರೋ ಇಟ್ಟಿಗೆ ಕಟ್ಟಿದ್ದರು. ಚಿಕೊಂಡಿ ಇಟ್ಟಿಗೆ ಕಿತ್ತ ಕೂಡಲೇ ನೀರು ಹೊಳೆಯತ್ತ ಓಡಿತು.

ಕಾಂಕ್ರೀಟ್ ಲಾರಿ ಬರಲಿಲ್ಲ. ಈ ಸಲ ಇನ್ನೂ ಜೋರು ಮಳೆ, ಆದರೂ ಯಾರ ಅಡುಗೆಮನೆಯೂ ನೆನೆದಿಲ್ಲ.

"ನಮ್ಮನ್ನ ಇಲ್ಲಿಂದ ಎಬ್ಬಿಸಿದ್ದು ಸರ್ಕಾರ. ನೀರಿನ ಮೇಲೆ ನಂಗ್ಯಾಕೆ ಮುನಿಸು?" ಎನ್ನುತ್ತಾರೆ ಡೊರೀನ್. "ನನ್ ಕೈಲಿ ಆಗೋವರೆಗೂ ಇದು ನಿಲ್ಲಲ್ಲ."

ಆ ಕಮಾನಿಗೆ ಇಟ್ಟಿಗೆ ಕಟ್ಟಿದವರು ಯಾರು, ಮನೆಗಳನ್ನು ಖಾಲಿ ಮಾಡಿಸಿದಾಗಲೋ ಆಮೇಲೋ, ಬೇಕೆಂದೇ ಕಟ್ಟಿದರೋ ಏನೆಂದು ತಿಳಿಯದೆ ಕಟ್ಟಿದರೋ, ವಿಚಾರಿಸಿದಲ್ಲೆಲ್ಲೂ ಉತ್ತರ ಸಿಗಲಿಲ್ಲ. ಡೊರೀನ್‌ಗೂ ಗೊತ್ತಿಲ್ಲ.